ನಾಲ್ಕು ನಿಮಿಷದ ಮುಖ

12 ಫೆಬ್ರವರಿ 2008

ಕುರುಗೋಡಿನಿಂದ ಈಗ ಬಂದೆ. ಮೈಯ ಕೆಂಪು ಧೂಳು ಹೋಗಲು ಎರಡು ಬಕೆಟ್ ನೀರು ಬೇಕಾಯಿತು. ಅಮ್ಮಿ ಬಚ್ಚಲ ಬಾಗಿಲಲ್ಲಿ ನಿಂತು, "ಮದಿವಿ ವಿಡಿಯೋ ಮಾಡೋನು ಗಣಿ ಕೂಲಿಯವನಂಗ ಬಂದೀಯಲ್ಲೋ ಅಜರ್" ಎಂದಳು.

ದೊಡ್ಡಬಸಪ್ಪನವರನ್ನು ಕಂಡೆ. ಕುರುಗೋಡಿನಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡಿರುವ ಅರವತ್ತರ ಮನುಷ್ಯ. ಎರಡು ವರ್ಷದ ಹಿಂದೆ ಕುಡತಿನಿ ರಸ್ತೆಯಲ್ಲಿ ಅದಿರಿನ ಲಾರಿ ಅವರ ಒಬ್ಬಳೇ ಮಗಳು ಚನ್ನವೀರಮ್ಮನ ಮೇಲೆ ಹರಿಯಿತು. ಅಂದಿನಿಂದ ಬಳ್ಳಾರಿಯ ಗಣಿ ವಿಷಯ ಯಾವ ಟಿವಿಯಲ್ಲಿ ಬಂದರೂ ಅವರ ಮುಖ ಇರುತ್ತದೆ.

ನಾನು ಹೋದಾಗಲೂ ಟಿವಿಯವರಿದ್ದರು. ವರದಿಗಾರ ಅವರ ಕೈಗೆ ಮಗಳ ಫೋಟೊ ಕೊಟ್ಟು ಗಿರಣಿಯಿಂದ ರಸ್ತೆಗೆ ಕರೆದುಕೊಂಡು ಬಂದ. ಹಿಂದೆ ಲಾರಿಗಳ ಸಾಲು ಕಾಣುವಂತೆ ನಿಲ್ಲಿಸಿದ. "ಅಜ್ಜಾ, 'ಅದಿರು ನನ್ನ ಮಗಳ್ನ ನುಂಗಿತು' ಅನ್ರಿ" ಎಂದ. ಅವರು ಹಾಗೆಯೇ ಅಂದರು. ನನಗೆ ನಾಚಿಕೆಯಾಯಿತು. ಧ್ವನಿ ಹಿಡಿಯಲು ನನ್ನ ಜೊತೆ ಬಂದಿರುವ ಚಿಕ್ಕಪ್ಪನ ಮಗಳು ಹುಮೇರಾ ಮುಖ ತಿರುಗಿಸಿ ನಿಂತಿದ್ದಳು.

ಪುಣೆಯಲ್ಲಿ ಆರು ತಿಂಗಳು ಸಿನಿಮಾ ಕಲಿತಾಗ ಮೇಷ್ಟ್ರು ಹೇಳಿದ್ದು ನೆನಪಾಯಿತು. ಕೆಲವು ಸಾಕ್ಷ್ಯಚಿತ್ರಗಳಲ್ಲಿ ಕಾಣದ ಒಬ್ಬ ದೇವರ ಹಾಗೆ ಮಾತಾಡುತ್ತಾನೆ, ದೃಶ್ಯಗಳು ಅವನ ಹಿಂದೆ ಕುರಿಗಳಂತೆ ಹೋಗುತ್ತವೆ. ಕೆಲವರು ಪ್ರಶ್ನೆ ಕೇಳುತ್ತಾರೆ. ಕೆಲವರು ನಡೆದುಹೋದದ್ದನ್ನು ಬೇರೆಯವರಿಂದ ಆಡಿಸುತ್ತಾರೆ. ಇನ್ನು ಕೆಲವರು ಗೋಡೆಯ ಮೇಲಿನ ಹಲ್ಲಿಯ ಹಾಗೆ ಸುಮ್ಮನೆ ನೋಡುತ್ತಾರೆ. ನಾನು ಹಲ್ಲಿಯ ಪಕ್ಷ. ಹಲ್ಲಿಯಾದರೂ ನಡುನಡುವೆ ಲೊಚಗುಟ್ಟುತ್ತದೆ. ನಾನು ಅದನ್ನೂ ಮಾಡಬಾರದು. ಹನ್ನೊಂದು ವರ್ಷ ಬೇರೆಯವರ ಮದುವೆಗಳಲ್ಲಿ ಗುಲಾಬಿ ಹೂವಿನ ಚೌಕಟ್ಟು ಹಾಕಿದ್ದು ಸಾಕು. ಬೆಂಗಳೂರಿನ ನಿರ್ಮಾಪಕಿ ಮೇಡಂ ನನ್ನನ್ನು ನಂಬಿ ಐವತ್ತು ನಿಮಿಷದ ಚಿತ್ರ ಕೊಟ್ಟಿದ್ದಾರೆ. ಒಬ್ಬ ತಂದೆಯ ದುಃಖಕ್ಕೆ ಗೌರವ ಸಿಗುವ ಹಾಗೆ ಮಾಡಬೇಕು.

20 ಫೆಬ್ರವರಿ

ನಾಲ್ಕು ದಿನ ಗಿರಣಿಯಲ್ಲಿ ಬರೀ ಕೂತೆ. ಕ್ಯಾಮೆರಾ ಚೀಲದಲ್ಲೇ ಇತ್ತು. ದೊಡ್ಡಬಸಪ್ಪನವರು ಜೋಳದ ಹಿಟ್ಟನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ ಗಿರಣಿಯ ತಿರುಪು ಸಡಿಲಿಸುತ್ತಾರೆ, ಬಿಗಿ ಮಾಡುತ್ತಾರೆ. ಹುಬ್ಬು, ರೆಪ್ಪೆ ಎಲ್ಲ ಬಿಳಿ. ಮಧ್ಯಾಹ್ನ ನಮ್ಮಿಬ್ಬರಿಗೂ ರೊಟ್ಟಿ, ಪುಂಡಿಪಲ್ಯ ಕೊಟ್ಟರು.

"ನೀವು ಏನೂ ಕೇಳಂಗಿಲ್ಲಲ್ರಿ. ಬಂದೋರೆಲ್ಲ ಮೊದಲು ಮಗಳ ಸುದ್ದೀನೇ ಕೇಳ್ತಾರ" ಎಂದರು.

"ನಿಮಗೆ ಹೇಳಬೇಕು ಅನ್ನಿಸಿದಾಗ ಹೇಳ್ರಿ" ಎಂದೆ.

ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು. "ಹಂಗಾರ ನೀವು ಒಳ್ಳೇರು" ಎಂದರು.

ಮನೆಗೆ ಬರುವವರೆಗೂ ಆ ಮಾತು ಕಿವಿಯಲ್ಲಿತ್ತು.

9 ಮಾರ್ಚ್

ಇವತ್ತು ಅವರೇ ಹೇಳಿದರು. ಕಾಲರಿಗೆ ಮೈಕು ಸಿಕ್ಕಿಸಿ, ಕ್ಯಾಮೆರಾ ನಿಲ್ಲಿಸಿ, ನಾನು ಮೂಲೆಗೆ ಹೋದೆ. ಮಗಳು ಗಂಡನ ಮನೆಯಿಂದ ತವರಿಗೆ ಬರುತ್ತಿದ್ದಳಂತೆ. ಹಳದಿ ಸೀರೆ ಉಟ್ಟಿದ್ದಳಂತೆ. ಮುಖ ಉಳಿದಿರಲಿಲ್ಲವಂತೆ, ಇವರೇ ಕೈ ನೋಡಿ ಗುರುತಿಸಿದರಂತೆ. ಚೆನ್ನಾಗಿ ಬಂದಿದೆ.

ಆದರೆ ಒಂದು ವಿಷಯ. ಹಳೆಯ ಟಿವಿ ತುಣುಕುಗಳನ್ನು ನೋಡಿದೆ. ಒಂದರಲ್ಲಿ ಸೀರೆ ಹಸಿರು, ಇನ್ನೊಂದರಲ್ಲಿ ನೀಲಿ. ವಯಸ್ಸಾಗಿದೆ, ಮರೆವು ಇರಬಹುದು. ಆದರೆ ಮಗಳು ಸತ್ತ ದಿನದ ಸೀರೆ ಯಾವ ಅಪ್ಪ ಮರೆಯುತ್ತಾನೆ?

10 ಮಾರ್ಚ್

ಹುಮೇರಾ ಬೆಳಿಗ್ಗೆಯೇ ಬಂದಳು. ಕೈಯಲ್ಲಿ ನಿನ್ನೆಯ ಟೇಪು. ನಿನ್ನೆ ಮಾತು ಮುಗಿದ ಮೇಲೆ ದೊಡ್ಡಬಸಪ್ಪನವರು ಹಿತ್ತಲಿಗೆ ಹೋಗಿದ್ದಾಗ ಕಾಲರಿನ ಮೈಕು ತೆಗೆದಿರಲಿಲ್ಲ. ಟೇಪು ಓಡುತ್ತಲೇ ಇತ್ತು. ಹೆಡ್‌ಫೋನು ಹಾಕಿಕೊಂಡು ಕೇಳಿದೆ. ಮೊಬೈಲಿನ ಗುಂಡಿ ಒತ್ತುವ ಸದ್ದು. ಆಮೇಲೆ ಅವರ ದನಿ.

"ಚನ್ನವ್ವಾ, ನಾನವ್ವ. ಹೋದ್ರು. ಹ್ಞೂಂ, ಹೇಳ್ದೆ. ಉಂಡೀಯೇನು? ಕೈ ಹೆಂಗೈತಿ? ಬುಧವಾರ ಸಿರುಗುಪ್ಪಕ್ಕ ಬರ್ತೀನಿ, ಗಿರಣಿ ಹಿಂದಿನ ಗೇಟಿಗೆ ನಿಂತಿರು."

ಸತ್ತ ಮಗಳ ಜೊತೆ ಫೋನಿನಲ್ಲಿ ಮಾತು.

"ಅಳಿಸಿಬಿಡೋಣ ಭಾಯ್. ಇದು ನಾವು ಕೇಳ್ಬಾರದಾಗಿತ್ತು" ಎಂದಳು ಹುಮೇರಾ.

"ನಾವು ಕದ್ದು ಕೇಳಲಿಲ್ಲ. ಮೈಕು ಅವರಿಗೆ ಗೊತ್ತಿದ್ದೇ ಹಾಕಿದ್ದು."

"ಮರ್ತು ಹೋಗ್ಯಾರ ಅವ್ರು."

ಮರೆತದ್ದು ಅವರ ತಪ್ಪು, ನನ್ನದಲ್ಲ. ಟೇಪು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಇಡೀ ರಾಜ್ಯ ಎರಡು ವರ್ಷದಿಂದ ಈ ಮನುಷ್ಯನ ಸುಳ್ಳಿಗೆ ಅಳುತ್ತಿದೆ.

12 ಮಾರ್ಚ್, ಬುಧವಾರ

ದೊಡ್ಡಬಸಪ್ಪನ ಹಿಂದಿನ ಬಸ್ಸಿನಲ್ಲಿ ಹೋದೆ. ಸಿರುಗುಪ್ಪದ ಹೊರಗೆ ಅಕ್ಕಿ ಗಿರಣಿ. ಕುದಿಸಿದ ಭತ್ತವನ್ನು ಕಣದಲ್ಲಿ ಹರವಿ, ಹೆಂಗಸರು ಬರಿಗಾಲಲ್ಲಿ ಅದರೊಳಗೆ ಗೆರೆ ಎಳೆದಂತೆ ನಡೆಯುತ್ತಿದ್ದರು. ಹಿಂದಿನ ಗೇಟಿನಲ್ಲಿ ದೊಡ್ಡಬಸಪ್ಪ ಚೀಲದಿಂದ ಹಿಟ್ಟಿನ ಗಂಟು ತೆಗೆದು ಒಬ್ಬಳಿಗೆ ಕೊಟ್ಟ. ಫೋಟೊದಲ್ಲಿರುವ ಅದೇ ಹುಡುಗಿ. ತೆಳ್ಳಗಾಗಿದ್ದಾಳೆ. ಎಡಗೈ ಮೊಣಕೈಯಿಂದ ಕೆಳಗೆ ಸುಟ್ಟ ಗಾಯದ ಗುರುತು. ಅಪ್ಪ ಆ ಕೈಯನ್ನು ಹಿಡಿದು, ಹಿಟ್ಟು ನೋಡುವ ಹಾಗೆ ಎರಡು ಬೆರಳಲ್ಲಿ ಮೆಲ್ಲಗೆ ಸವರಿದ.

ರಸ್ತೆಯಾಚೆ ಚಹಾ ಅಂಗಡಿಯಿಂದ ಎಲ್ಲವನ್ನೂ ತೆಗೆದೆ. ಕ್ಯಾಮೆರಾ ಟವಲಿನ ಕೆಳಗಿತ್ತು. ಬಚ್ಚಿಟ್ಟ ಕ್ಯಾಮೆರಾ ನನಗೆ ಇಷ್ಟವಿಲ್ಲ. ಆದರೆ ಕ್ಯಾಮೆರಾ ಇದೆ ಎಂದು ಗೊತ್ತಾದರೆ ಈ ಮನುಷ್ಯ ನಟಿಸುತ್ತಾನೆ. ಹಾಗಿರುವಾಗ ಬಚ್ಚಿಟ್ಟದ್ದೇ ಹೆಚ್ಚು ಪ್ರಾಮಾಣಿಕ.

2 ಏಪ್ರಿಲ್

ಇವತ್ತು ನೇರವಾಗಿ ಹೋಗಿ ಮಾತಾಡಿಸಿದೆ. ಅಲ್ಲಿ ಅವಳ ಹೆಸರು ಪಾರಮ್ಮ. ನಾನು "ಚನ್ನವೀರಮ್ಮಾ" ಎಂದು ಕರೆದಾಗ ಕೈಯಲ್ಲಿದ್ದ ಮೊರ ಕೆಳಗೆ ಬಿತ್ತು.

"ಯಾರು ಕಳಿಸಿದ್ರು? ಅವ ಕಳಿಸಿದ್ನಾ?" ಎಂದಳು.

ಅವ ಎಂದರೆ ಗಂಡ, ಗವಿಸಿದ್ದೇಶ್. ಅದಿರು ಸಾಗಿಸುವ ನಾಲ್ಕು ಟಿಪ್ಪರ್ ಇದ್ದವನು ಈಗ ನಲವತ್ತು ಟಿಪ್ಪರಿನ ಯಜಮಾನ. ನಾನು ಸಿನಿಮಾದವನು ಎಂದೆ. ಅದಕ್ಕೆ ಅವಳು ಇನ್ನಷ್ಟು ಹೆದರಿದಳು.

"ನಿಮ್ಮ ಕಾಲಿಗೆ ಬೀಳ್ತೀನಿ, ಹೋಗ್ರಿ. ನಾನು ಸತ್ತೀನಿ. ಹಂಗೇ ಇರಾಕ ಬಿಡ್ರಿ."

ನಿನ್ನ ಅಪ್ಪ ಫೋನಿನಲ್ಲಿ ಮಾತಾಡಿದ್ದು ನನ್ನ ಟೇಪಿನಲ್ಲಿದೆ ಎಂದೆ. ಹೇಗೂ ಸತ್ಯ ನನ್ನ ಕೈಗೆ ಬಂದಾಗಿದೆ. ಅವಳ ಬಾಯಿಂದಲೇ ಬಂದರೆ ಅವಳ ನೋವೂ ಜನಕ್ಕೆ ತಿಳಿಯುತ್ತದೆ, ಇಲ್ಲದಿದ್ದರೆ ಅಪ್ಪ ಬರೀ ಸುಳ್ಳ ಅನ್ನಿಸಿಕೊಳ್ಳುತ್ತಾನೆ ಎಂದು ವಿವರಿಸಿದೆ. ಇದು ಬೆದರಿಕೆಯಲ್ಲ, ಇದ್ದ ವಿಷಯ. ಮುಖ ತೋರಿಸುವುದಿಲ್ಲ ಎಂದು ಮಾತು ಕೊಟ್ಟೆ. ಬಿದ್ದ ಮೊರ ಎತ್ತಿಕೊಂಡು, "ಅಪ್ಪಗ ಹೇಳ್ಬ್ಯಾಡ್ರಿ" ಎಂದಳು. ಒಪ್ಪಿದಂತೆಯೇ.

ವಾಪಸ್ ಬರುವಾಗ ಹುಮೇರಾ ಬಸ್ಸಿನಲ್ಲಿ ನನ್ನಿಂದ ದೂರದ ಸೀಟಿನಲ್ಲಿ ಕೂತಳು.

6 ಏಪ್ರಿಲ್

ಕೆಂಚನಗುಡ್ಡದಲ್ಲಿ, ಹೊಳೆಯ ದಡದ ಹಾಳು ಮಂಟಪದಲ್ಲಿ ಕೂರಿಸಿದೆವು. ಬೆಳಕು ಹಿಂದಿನಿಂದ, ಮುಖ ಕಪ್ಪು. ಅವಳು ಹೇಳಿದ್ದನ್ನು ಟೇಪಿನಿಂದ ಬರೆದಿಡುತ್ತೇನೆ.

"ಗಂಡ ಕಾದ ಹಂಚಿಗೆ ನನ್ನ ಕೈ ಒತ್ತಿ ಹಿಡಿದ. ಅವತ್ತೇ ಓಡಿ ಅಪ್ಪನ ಮನಿಗೆ ಬಂದೆ. ಜೀಪಿನ್ಯಾಗ ಹುಡುಕ್ಯಾಡಿಕೋತ ಬಂದ್ರು. ಹಿಟ್ಟಿನ ಚೀಲದ ಹಿಂದ ಕುಂತಿದ್ದೆ. ಮೂರನೇ ದಿನಕ್ಕ ಕುಡತಿನಿ ರೋಡಿನ್ಯಾಗ ಯಾರೋ ಹೆಣ್ಮಗಳ ಮ್ಯಾಲೆ ಲಾರಿ ಹೋಗೇತಿ, ಗುರ್ತು ಸಿಗವಲ್ದು ಅಂತ ಸುದ್ದಿ ಬಂತು. ಅಪ್ಪ ಎದ್ದ, ಆ ಹೆಣ ನೋಡಾಕ ಹೋದ. ಸಂಜಿಕ ಬಂದು, 'ನೀ ಸತ್ತಿಯವ್ವ, ಇನ್ನು ಬದುಕು' ಅಂದ."

ಹೊಳೆಯ ಸದ್ದು ಚೆನ್ನಾಗಿದೆ.

"ಗವಿಸಿದ್ದೇಶ್ ಮಣ್ಣಿಗೆ ಬಂದಿದ್ದನಂತ. ಮೂರು ತಿಂಗಳಿಗೆ ಇನ್ನೊಂದು ಮದಿವಿ ಆತು, ಅವನ ಸಾವ್ಕಾರನ ಮಗಳನ್ನೇ. ನನ್ನ ಹೆಸರಿನ್ಯಾಗ ಮಣ್ಣಾದಾಕಿ ಯಾರ ಮಗಳೋ. ಅಪ್ಪ ಟಿವಿಯಾಗ ಅಳತಾನಲ್ರಿ, ಅದು ಸುಳ್ಳಲ್ಲ. ಆಕಿಗೆ ಅಳತಾನ. ಅಳೋರು ಯಾರೂ ಇಲ್ಲಲ್ಲ ಆಕಿಗೆ."

ಮುಗಿದ ಮೇಲೆ ಹುಮೇರಾ ಅವಳ ಪಕ್ಕ ಕೂತು ಕೈ ಹಿಡಿದುಕೊಂಡಳು. ಅದರಿಂದ ಕೊನೆಯ ದೃಶ್ಯದಲ್ಲಿ ಹುಮೇರಾಳ ಭುಜ ಬಂದಿದೆ, ಕತ್ತರಿಸಬೇಕು.

ಟೇಪಿನ ಡಬ್ಬಿಗೆ ಚೀಟಿ ಹಚ್ಚಿದೆ: ಚನ್ನವೀರಮ್ಮ – ಸಿರುಗುಪ್ಪ ಅಕ್ಕಿ ಗಿರಣಿ – ಏಪ್ರಿಲ್ 2008. ಕೆಲಸ ಅಚ್ಚುಕಟ್ಟಾಗಿರಬೇಕು.

30 ಏಪ್ರಿಲ್

ಬೆಂಗಳೂರಿಗೆ ಮೊದಲ ಜೋಡಣೆ ಕಳಿಸಿದ್ದೆ. ಮೇಡಂ ಫೋನ್ ಮಾಡಿ ಅರ್ಧ ಗಂಟೆ ಮಾತಾಡಿದರು. "ಅಜರುದ್ದೀನ್, ನಿಮಗೆ ಏನು ಸಿಕ್ಕಿದೆ ಅಂತ ನಿಮಗೇ ಗೊತ್ತಿಲ್ಲ" ಎಂದರು. ಆದರೆ ಕಪ್ಪು ಮುಖ ಅವರಿಗೆ ಹಿಡಿಸಿಲ್ಲ. "ಅದು ಪೊಲೀಸ್ ಸುದ್ದಿ ಥರ ಕಾಣುತ್ತೆ" ಎಂದರು. ನನಗೂ ಹಾಗೇ ಅನ್ನಿಸಿತ್ತು.

ಬೇರೆ ಹೆಂಗಸಿಗೆ ಸೀರೆ ಉಡಿಸಿ ಕಣದಲ್ಲಿ ನಡೆಸಿ ತೋರಿಸೋಣವೇ ಎಂದು ಯೋಚಿಸಿ, ನೀನೇ ಮಾಡುತ್ತೀಯಾ ಎಂದು ಹುಮೇರಾಳನ್ನು ಕೇಳಿದೆ. "ಆಕಿ ಬದುಕಿರುವಾಗ ನಾನ್ಯಾಕ ಆಕಿ ವೇಷ ಹಾಕ್ಲಿ?" ಎಂದಳು. ನಿಜ, ನಟನೆ ಸುಳ್ಳಾಗುತ್ತದೆ. ಟವಲಿನ ಕೆಳಗಿನಿಂದ ತೆಗೆದದ್ದೇ ಇದೆಯಲ್ಲ. ಅದರಲ್ಲಿ ಸುಟ್ಟ ಕೈ, ಅರ್ಧ ಮುಖ. ಕೆಂಚನಗುಡ್ಡದಲ್ಲಿ ತೆಗೆದದ್ದರಲ್ಲಿ ಮುಖ ತೋರಿಸುವುದಿಲ್ಲ ಎಂದು ನಾನು ಮಾತು ಕೊಟ್ಟದ್ದು. ಕಣದ ದೃಶ್ಯದ ಬಗ್ಗೆ ಮಾತೇ ಆಗಿರಲಿಲ್ಲ.

15 ಜೂನ್

ಇವತ್ತು ದೊಡ್ಡಬಸಪ್ಪನ ಕೊನೆಯ ಚಿತ್ರೀಕರಣ. ಇದನ್ನು ವಿವರವಾಗಿ ಬರೆಯಬೇಕು.

ಗಿರಣಿ ನಿಲ್ಲಿಸಿದ್ದ. ಬೆಳಕು ಜಾಲರಿಯಿಂದ ಬೀಳುತ್ತಿತ್ತು, ಹಿಟ್ಟಿನ ಪುಡಿ ಅದರೊಳಗೆ ತೇಲುತ್ತಿತ್ತು. ಮಗಳ ಸಾವನ್ನು ಇನ್ನೊಮ್ಮೆ ಹೇಳಿ ಎಂದು ಕೇಳಿದೆ. ಹೇಳಿದ. ಈ ಸಲ ಸೀರೆ ಮತ್ತೆ ಹಸಿರು. ಅತ್ತ. ನಾನು ಒಂದೂ ಪ್ರಶ್ನೆ ಕೇಳಲಿಲ್ಲ. ಮುಗಿದ ಮೇಲೆ, "ಇದನ್ನ ಕೇಳ್ರಿ" ಎಂದು ಹೆಡ್‌ಫೋನು ಅವನ ಕಿವಿಗೆ ಹಾಕಿದೆ. ಕೆಂಚನಗುಡ್ಡದ ಟೇಪು ಹಚ್ಚಿದೆ.

ಕ್ಯಾಮೆರಾ ಅವನ ಮುಖದ ಮೇಲೆ ನಾಲ್ಕು ನಿಮಿಷ. ಮೊದಲು ಏನೂ ಇಲ್ಲ. ಹೊಳೆಯ ಸದ್ದಿರಬೇಕು. ಆಮೇಲೆ ಮಗಳ ದನಿ ಬಂದಾಗ ಅವನ ಬಾಯಿ ಮೆಲ್ಲಗೆ ತೆರೆಯಿತು. ಮುಚ್ಚಲು ನೋಡಿದ, ಆಗಲಿಲ್ಲ. ಕಣ್ಣು ನನ್ನ ಕಡೆ ಬಂತು, ನನ್ನಿಂದ ಕ್ಯಾಮೆರಾಕ್ಕೆ, ಕ್ಯಾಮೆರಾದಿಂದ ಬಾಗಿಲಿಗೆ. ಅಳಲಿಲ್ಲ. ಎರಡು ವರ್ಷ ಎಲ್ಲರ ಮುಂದೆ ಅತ್ತವನು ಇದಕ್ಕೆ ಅಳಲಿಲ್ಲ. ಬಿಳಿ ಹುಬ್ಬಿನ ಕೆಳಗೆ ಚರ್ಮ ಮಾತ್ರ ನಡುಗುತ್ತಿತ್ತು. ಇಂಥದ್ದನ್ನು ಯಾರೂ ಬರೆದುಕೊಟ್ಟು ಆಡಿಸಲಾರರು.

ಹೆಡ್‌ಫೋನು ತೆಗೆದಿಟ್ಟು ನೆಲಕ್ಕೆ ಕುಸಿದ. ನನ್ನ ಕಾಲು ಹಿಡಿದುಕೊಂಡ.

"ಅಜರಣ್ಣಾ, ನಿನಗೂ ತಾಯಿ ಅದಾಳ. ಇದನ್ನ ಸುಟ್ಟುಬಿಡು. ನನ್ನ ಹೆಂಗ ಬೇಕಾದ್ರೂ ತೋರ್ಸು. ಮುದುಕ ಸುಳ್ಳ, ಕಳ್ಳ ಅನ್ನು. ನಾನೇ ಅಂತೀನಿ, ಬೇಕಾದ್ರ ಈಗ ಅಂತೀನಿ, ಹಚ್ಚು ಕ್ಯಾಮೆರಾ. ಆಕಿನ್ನ ಬಿಡು."

ಕ್ಯಾಮೆರಾ ಹಚ್ಚಿಯೇ ಇತ್ತು. ನನ್ನ ಕಾಲುಗಳೂ ಚೌಕಟ್ಟಿನಲ್ಲಿ ಬಂದಿವೆ. ಮೊದಲು ತೆಗೆದುಹಾಕೋಣ ಅಂದುಕೊಂಡೆ. ಆಮೇಲೆ ಇರಲಿ ಅನ್ನಿಸಿತು. ಚಿತ್ರ ಮಾಡುವವನೂ ಚಿತ್ರದೊಳಗೆ ಕಾಣಬೇಕು, ಅದೂ ಒಂದು ಪ್ರಾಮಾಣಿಕತೆ.

ಹುಮೇರಾ ಉಪಕರಣಗಳನ್ನು ಅಲ್ಲೇ ಬಿಟ್ಟು ಬಸ್ಸು ಹತ್ತಿ ಹೋಗಿಬಿಟ್ಟಳು. ಎಲ್ಲವನ್ನೂ ನಾನೊಬ್ಬನೇ ಹೊತ್ತುಕೊಂಡು ಬರಬೇಕಾಯಿತು. ಜವಾಬ್ದಾರಿ ಇಲ್ಲ.

16 ಜೂನ್

ಅದೇ ನಾಲ್ಕು ನಿಮಿಷವನ್ನು ಹನ್ನೊಂದು ಸಲ ನೋಡಿದೆ. ಒಂದು ಚೌಕಟ್ಟೂ ಕತ್ತರಿಸುವ ಹಾಗಿಲ್ಲ.

ಅಮ್ಮಿ ಹಿಂದೆ ನಿಂತು ಸ್ವಲ್ಪ ಹೊತ್ತು ನೋಡಿದಳು. "ಈ ಮುದುಕಪ್ಪಗ ಏನಾಗೇತಿ? ನೀರಾದ್ರೂ ಕೊಟ್ಟಿಯೇನು?" ಎಂದಳು.

ನೀರು ಕೊಟ್ಟಿರಲಿಲ್ಲ. ಆಗ ಟೇಪು ಬದಲಿಸುತ್ತಿದ್ದೆ.

22 ಜುಲೈ

ಒಂದೇ ಕಡೆಯ ಮಾತು ಕೇಳಿದರೆ ಅದು ಸಾಕ್ಷ್ಯಚಿತ್ರವಲ್ಲ, ಫಿರ್ಯಾದು. ಆದ್ದರಿಂದ ಇವತ್ತು ಗವಿಸಿದ್ದೇಶನ ಆಫೀಸಿಗೆ ಹೋದೆ. ಅವನಿಗೆ ಏನನ್ನೂ ಹೇಳಲಿಲ್ಲ. ಅಪಘಾತದಲ್ಲಿ ಹೆಂಡತಿಯನ್ನು ಕಳೆದುಕೊಂಡವರ ಸಂದರ್ಶನ ಎಂದಷ್ಟೇ ಹೇಳಿದೆ.

ನಾನು ಊಹಿಸಿದ ಹಾಗಿಲ್ಲ ಮನುಷ್ಯ. ಮೆತ್ತಗೆ ಮಾತಾಡುತ್ತಾನೆ. ಏಸಿ ಹಚ್ಚಿ, ಬಾದಾಮಿ ಹಾಲು ತರಿಸಿದ. "ಹೋದ ಹೆಂಡ್ತಿ ಬಗ್ಗಿ ಏನು ಹೇಳ್ಲಿ ಸಾರ್. ಅಕಿ ಪುಣ್ಯವಂತಿ" ಎಂದ. ಕ್ಯಾಮೆರಾದಲ್ಲಿ ಚೆನ್ನಾಗಿ ಕಾಣುತ್ತಾನೆ. ನಾನು ದೀಪ ಸರಿಮಾಡುವಾಗ ನನ್ನ ಚೀಲದಿಂದ ಟೇಪಿನ ಡಬ್ಬಿಗಳನ್ನು ತೆಗೆದು ಒಂದೊಂದನ್ನೇ ತಿರುಗಿಸಿ ನೋಡುತ್ತಿದ್ದ. ಈ ಸಣ್ಣ ಡಬ್ಬಿಯಲ್ಲಿ ಎಷ್ಟು ಹೊತ್ತಿನದು ಹಿಡಿಯುತ್ತದೆ ಎಂದು ಕೇಳಿದ. ಒಂದು ಗಂಟೆ ಎಂದೆ. ಕಲಿಯುವ ಆಸಕ್ತಿ ಇದೆ. ಹೋಗುವಾಗ ಬಾಗಿಲವರೆಗೆ ಬಂದು, "ಎಲ್ಲೆಲ್ಲಿ ಶೂಟಿಂಗ್ ಮಾಡೀರಿ ಸಾರ್?" ಎಂದ. ಜಿಲ್ಲೆಯೆಲ್ಲ ತಿರುಗಿದ್ದೇನೆ ಎಂದೆ. ನಕ್ಕು ಕೈ ಕುಲುಕಿದ.

3 ಆಗಸ್ಟ್

ಹುಮೇರಾ ಮನೆಗೆ ಬಂದಿದ್ದಳು. ಸಿರುಗುಪ್ಪಕ್ಕೆ ಅವಳು ಆಗಾಗ ಹೋಗುತ್ತಿದ್ದಳಂತೆ, ನನಗೆ ಹೇಳಿರಲಿಲ್ಲ. ಚನ್ನವೀರಮ್ಮ ಮೂರು ದಿನದಿಂದ ಕಣಕ್ಕೆ ಬಂದಿಲ್ಲ. ಕೆಲಸ ಬಿಡುವ ಹೊತ್ತಿಗೆ ಬಿಳಿ ಜೀಪು ಬಂದಿತ್ತಂತೆ. ಇಬ್ಬರು ಇಳಿದು, "ನಿಮ್ಮಪ್ಪಗ ಹುಷಾರಿಲ್ಲ" ಎಂದರಂತೆ. ಅವಳು ಹತ್ತಲು ಒಪ್ಪಲಿಲ್ಲವಂತೆ. ಸುಟ್ಟ ಕೈಯನ್ನೇ ತಿರುವಿ ಹತ್ತಿಸಿದರಂತೆ. ಉಳಿದ ಹೆಂಗಸರು ನೋಡುತ್ತ ನಿಂತಿದ್ದರಂತೆ.

"ಜೀಪು ಯಾರದು ಅಂತ ಯಾರಾದ್ರೂ ನೋಡಿದರಾ?" ಎಂದು ಕೇಳಿದೆ.

"ಭಾಯ್, ಡಬ್ಬಿ ಮ್ಯಾಲೆ ಊರಿನ ಹೆಸರು ಯಾರು ಬರ್ದಿದ್ರು? ಆ ಡಬ್ಬಿ ತಗೊಂಡು ಅವನ ಟೇಬಲ್ಲಿಗೆ ಯಾರು ಹೋಗಿದ್ರು?"

ಅವಳಿಗೆ ಸಿಟ್ಟು, ಅದಕ್ಕೆ ಹೀಗೆ ಜೋಡಿಸುತ್ತಿದ್ದಾಳೆ. ಒಂದಾದ ಮೇಲೆ ಒಂದು ನಡೆದರೆ ಮೊದಲಿನದ್ದು ಕಾರಣ ಎಂದು ಕಾಣುತ್ತದೆ. ಅದು ಜೋಡಣೆಯ ಮೋಸ, ಪ್ರತಿ ಎಡಿಟರಿಗೂ ಗೊತ್ತು. ಚಿತ್ರವನ್ನು ಇನ್ನೂ ಯಾರೂ ನೋಡಿಲ್ಲ. ಆದ್ದರಿಂದ ಇದಕ್ಕೂ ನನ್ನ ಚಿತ್ರಕ್ಕೂ ಸಂಬಂಧವಿಲ್ಲ.

5 ಆಗಸ್ಟ್

ಕಾಲುವೆಯಲ್ಲಿ ಹೆಣ ಸಿಕ್ಕಿದೆ.

6 ಆಗಸ್ಟ್

ಗುರುತಿಸಲು ದೊಡ್ಡಬಸಪ್ಪನನ್ನೇ ಕರೆಸಿದ್ದರು. ನಾನು ಕ್ಯಾಮೆರಾ ತೆಗೆದುಕೊಂಡು ಹೋದೆ. ಯಾರಾದರೊಬ್ಬರು ದಾಖಲಿಸಲೇಬೇಕಲ್ಲ.

ಶವಾಗಾರದ ಹೊರಗೆ ಬೇವಿನ ಮರದ ಕಟ್ಟೆಯ ಮೇಲೆ ಮುದುಕ ಕೂತಿದ್ದ. ಒಬ್ಬ ಪೇದೆ ಬರೆದುಕೊಳ್ಳುತ್ತಿದ್ದ. "ನಿನ್ನ ಮಗಳೇನು?" "ಹೌದ್ರಿ." "ಎರಡು ವರ್ಷದ ಹಿಂದ ಒಬ್ಬಾಕಿನ್ನ ನನ್ನ ಮಗಳು ಅಂದಿದ್ದಿ." "ಅಂದಿದ್ದೆ." "ಯಾವುದು ಖರೆ?" ಮುದುಕ ಶವಾಗಾರದ ಬಾಗಿಲ ಕಡೆ ತಿರುಗಿದ. ಪೇದೆ ಅದಕ್ಕೂ ಸಹಿ ಹಾಕಿಸಿಕೊಂಡ. ಕಾಲು ಜಾರಿ ಬಿದ್ದದ್ದು ಎಂದು ಬರೆದರು. ನಾನು ಏನಾದರೂ ಹೇಳಬೇಕೇ ಎಂದು ಯೋಚಿಸಿದೆ. ಆದರೆ ಕಣ್ಣಾರೆ ಕಾಣದ್ದನ್ನು ಹೇಳುವುದು ನನ್ನ ಪದ್ಧತಿಯಲ್ಲ.

ಮುದುಕನ ಎದುರಿಗೆ ಕ್ಯಾಮೆರಾ ಇಟ್ಟೆ. ನೋಡಿದ. ಅಳಲಿಲ್ಲ, ಬೈಯಲೂ ಇಲ್ಲ.

"ನಾನು ಮೊದ್ಲು ಅತ್ತಿದ್ದು ಐತಲ್ಲ ನಿನ್ನ ಹತ್ರ. ಅದನ್ನೇ ಹಾಕ್ಕೋ. ಈಗ ಖರೆ ಆತು" ಎಂದ.

ಆಮೇಲೆ ಎದ್ದು ಮರದ ಆಚೆ ಬದಿಗೆ ಹೋಗಿ ಕೂತ. ಬರೀ ಬೆನ್ನು ಸಿಕ್ಕಿತು. ಬೆನ್ನೂ ನಡೆಯುತ್ತದೆ.

18 ಸೆಪ್ಟೆಂಬರ್

ಕೊನೆಯ ಹದಿನೈದು ನಿಮಿಷ ಪೂರ್ತಿ ಹೊಸದಾಗಿ ಜೋಡಿಸಿದೆ. ಗವಿಸಿದ್ದೇಶನ ಸಂದರ್ಶನ ತೆಗೆದುಬಿಟ್ಟೆ. ಮೇಡಂ ಕೇಳಿದರು, ಯಾಕೆ ಎಂದು. ಅವನಿದ್ದರೆ ಕಥೆ ಅಡ್ಡದಾರಿ ಹಿಡಿಯುತ್ತದೆ, ಇದು ಅಪ್ಪ ಮಗಳ ಚಿತ್ರ ಎಂದೆ. ಅವರು ಒಪ್ಪಿದರು. ನಾನು ಇದೇ ಊರಿನಲ್ಲಿ ಇರಬೇಕಾದವನು ಎಂಬುದೂ ಇದೆ, ಆದರೆ ಅದು ಕಾರಣವಲ್ಲ.

ಕೊನೆಗೆ ನನ್ನದೇ ದನಿಯಲ್ಲಿ ಎರಡು ಸಾಲು ಸೇರಿಸಿದೆ. ಜನಕ್ಕೆ ತಿಳಿಯಬೇಕಲ್ಲ.

14 ಡಿಸೆಂಬರ್

ಬೆಂಗಳೂರು. ಸಭಾಂಗಣ ತುಂಬಿತ್ತು. ಆ ನಾಲ್ಕು ನಿಮಿಷದಲ್ಲಿ ಒಬ್ಬರೂ ಕೆಮ್ಮಲಿಲ್ಲ. ಮುಗಿದ ಮೇಲೆ ಎದ್ದು ನಿಂತು ಚಪ್ಪಾಳೆ. ಒಬ್ಬ ಹುಡುಗಿ ಎದ್ದು, "ಆ ತಂದೆ ಈಗ ಹೇಗಿದ್ದಾರೆ?" ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. "ಅವರ ಮೌನವನ್ನು ಗೌರವಿಸುತ್ತೇನೆ" ಎಂದೆ. ಅದಕ್ಕೂ ಚಪ್ಪಾಳೆ ಬಿತ್ತು. ಪತ್ರಿಕೆಯವನೊಬ್ಬ, "ನಿಮ್ಮ ಶೈಲಿ ಯಾವುದು?" ಎಂದ. ಸತ್ಯ ಯಾವ ಶೈಲಿ ಕೇಳುತ್ತದೋ ಅದು ಎಂದೆ.

ಹುಮೇರಾಳ ಹೆಸರನ್ನು ಪರದೆಯ ಮೇಲೆ ಹಾಕಿಸಿದ್ದೆ. ತೆಗೆಯಿರಿ ಎಂದು ಅವಳು ಬರೆದ ಚೀಟಿ ತಡವಾಗಿ ಸಿಕ್ಕಿತು.

21 ಜನವರಿ 2009

ಟಿವಿಯಲ್ಲಿ ಚಿತ್ರದ ತುಣುಕು ಬಂದ ಮೇಲೆ ದಿನವೂ ಯಾರಾದರೂ ಬರುತ್ತಾರೆ. ಇವತ್ತು ಬಂದದ್ದು ಬೇರೆ.

ಮಧ್ಯಾಹ್ನ ನನ್ನ ಸ್ಟುಡಿಯೋದಲ್ಲಿ ಒಬ್ಬನೇ ಇದ್ದೆ. ಗಡಿಯಾಚೆ ತೆಲುಗು ಸೀಮೆಯ ಆಲೂರು ಕಡೆಯವಳು, ನಲವತ್ತರ ಹತ್ತಿರದ ಹೆಂಗಸು, ಹೆಸರು ಮಾರೆಮ್ಮ. ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಬಂದು, ನನ್ನನ್ನು ನೋಡಿ, ಏನೂ ಹೇಳದೆ ಮಡಿಲಿನ ಗಂಟು ಬಿಚ್ಚಿದಳು. ನಾಲ್ಕು ಮಡಿಕೆಯಾದ ಪ್ಲಾಸ್ಟಿಕ್ ಚೀಲ, ಅದರೊಳಗೆ ಫೋಟೊ. ಜಾತ್ರೆಯ ಸ್ಟುಡಿಯೋದಲ್ಲಿ ತೆಗೆಸಿದ್ದು. ಇಪ್ಪತ್ತರ ಹುಡುಗಿ.

"ನಾ ಚೆಲ್ಲೆಲು ಸಾಮಿ. ನನ್ನ ತಂಗಿ. ಕಲ್ಲು ಒಡೆಯಾಕ ಈ ಕಡಿ ಬಂದಿತ್ತು. ಮೂರು ವರ್ಷ ಆತು, ಫೋನಿಲ್ಲ, ಸುದ್ದಿಯಿಲ್ಲ. ಟಿವಿಯಾಗ ನೋಡಿದ್ವಿ. ಬೇರೆ ಹೆಸರಿನ್ಯಾಗ ಮಣ್ಣು ಮಾಡ್ಯಾರಂತಲ್ಲ, ಆ ಮಗು..." ಎಂದು ನಿಂತಳು. ಫೋಟೊ ನನ್ನ ಎದೆಯ ಹತ್ತಿರ ಹಿಡಿದು, "ನೀವು ಎಲ್ಲಾ ತಿಳ್ಕೊಂಡೋರು. ಇಕಿನಾ? ಹೌದೋ ಅಲ್ಲೋ ಅಷ್ಟು ಹೇಳ್ರಿ ಸಾಮಿ. ಅಮ್ಮ ಇನ್ನಾ ದಿನಾ ಅನ್ನ ತೆಗೆದಿಡ್ತಾಳ" ಎಂದಳು. ಅಳು ಬಂತು. ನಿಂತಲ್ಲೇ, ಬಾಗಿಲ ಬೆಳಕಿನಲ್ಲಿ, ಫೋಟೊವನ್ನು ಕೆಳಗಿಳಿಸದೆ ಅತ್ತಳು.

ಎರಡನೇ ಭಾಗ ಮಾಡಿ ಎಂದು ಮೇಡಂ ತಿಂಗಳಿಂದ ಹೇಳುತ್ತಿದ್ದಾರೆ. ಎಲ್ಲಿಂದ ಶುರು ಮಾಡುವುದು ಎಂದು ನಾನು ಹುಡುಕುತ್ತಿದ್ದೆ. ಅದು ತಾನಾಗಿಯೇ ಚಪ್ಪಲಿ ಬಿಟ್ಟು ಒಳಗೆ ಬಂದಿತ್ತು, ಮತ್ತು ಕ್ಯಾಮೆರಾ ಬೀರುವಿನಲ್ಲಿತ್ತು.

ಆಕೆಯನ್ನು ಸಮಾಧಾನ ಮಾಡಿದೆ. ಹೇಳುತ್ತೇನಮ್ಮಾ, ಎಲ್ಲ ಹೇಳುತ್ತೇನೆ ಎಂದೆ. ಫೋಟೊ ಮತ್ತೆ ಚೀಲದಲ್ಲಿಟ್ಟು ಮಡಿಲಿಗೆ ಕಟ್ಟಿಕೊಳ್ಳಲು ಹೇಳಿದೆ. ಚಪ್ಪಲಿ ಹಾಕಿಕೊಂಡು ಮೆಟ್ಟಿಲಿಳಿದು ಬೀದಿಯಲ್ಲಿ ನಿಂತಿರಿ, ನಾನು ಕೂಗಿದಾಗ ಮೊದಲು ಬಂದ ಹಾಗೆಯೇ ಬನ್ನಿ ಎಂದೆ. ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳಿದೆ. ದೊಡ್ಡವರು ಹೇಳಿದ್ದು ಮಾಡಬೇಕು ಎನ್ನುವಂತೆ ಕಣ್ಣು ಒರೆಸಿಕೊಂಡು ಹೋದಳು.

ಬ್ಯಾಟರಿ ಚಾರ್ಜ್ ಇರಲಿಲ್ಲ. ಅದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಕಿಟಕಿಯಿಂದ ನೋಡಿದಾಗ ಬಿಸಿಲಿನಲ್ಲಿ ಹಾಗೆಯೇ ನಿಂತಿದ್ದಳು, ನೆರಳಿಗೂ ಸರಿಯದೆ, ಕೂಗು ಕೇಳದೆ ಹೋದೀತೆಂದು ಮುಖ ಮೇಲಕ್ಕೆತ್ತಿಕೊಂಡು.